ಹಳೆ ಕಾರಿನ ಬಾಕಿ ರಿಪೇರಿ: ಯಾವುದು ಮೊದಲು, ಯಾವುದು ಆಮೇಲೆ

2024ರ ಜನವರಿಯಲ್ಲಿ ನಾನೊಂದು ಹಳೆ ವ್ಯಾಗನ್‌ಆರ್ ತಗೊಂಡೆ. 2012ರ ಗಾಡಿ, ಮೂರನೇ ಓನರ್ ನಾನು. ಮೀಟರ್‌ನಲ್ಲಿ 91,000 ಚಿಲ್ಲರೆ ಕಿಲೋಮೀಟರ್. ನಮ್ಮ ಮನೆ ಹಾಸನ, ಹೆಂಡತಿಯ ತವರು ಪುತ್ತೂರು. ಅಂದ್ರೆ ತಿಂಗಳಿಗೆ ಒಂದು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತಲೇಬೇಕು.

ಫೆಬ್ರವರಿಯಲ್ಲಿ ಕಾರನ್ನು ಒಂದು ಗ್ಯಾರೇಜಿಗೆ ಬಿಟ್ಟು, 'ಏನೇನು ಬಾಕಿ ಇದೆ ಎಲ್ಲ ನೋಡಿ' ಅಂದೆ. ಸಂಜೆ ಹೋದರೆ ಮೆಕ್ಯಾನಿಕ್ ಒಂದು ಚೀಟಿ ಕೈಗಿಟ್ಟರು. ಹತ್ತೊಂಬತ್ತು ಐಟಂ. ಕೆಳಗೆ ಗೆರೆ ಎಳೆದು 58,000 ಅಂತ ಬರೆದಿದ್ದರು. ನನ್ನ ಹತ್ತಿರ ಇದ್ದದ್ದು 18,000.

ಚೀಟಿಯ ಮೊದಲ ಸಾಲಲ್ಲಿ ಎಸಿ ಕಂಡೆನ್ಸರ್ ಇತ್ತು. ಕಾರು ಬಿಡುವಾಗ 'ಎಸಿ ಸರಿಯಾಗಿ ತಣ್ಣಗಾಗ್ತಿಲ್ಲ' ಅಂತ ನಾನೇ ಹೇಳಿದ್ದೆ, ಅದಕ್ಕೆ. ಎರಡನೆಯದು ಕ್ಲಚ್ ಪ್ಲೇಟ್. ಮೂರನೆಯದು ನಾಲ್ಕೂ ಶಾಕ್ ಅಬ್ಸಾರ್ಬರ್. ಬ್ರೇಕ್ ಆಯಿಲ್ ಹದಿನಾಲ್ಕನೇ ಸಾಲಿನಲ್ಲಿ ಕೂತಿತ್ತು. ಮೆಕ್ಯಾನಿಕ್ ಮೇಲೆ ನನಗೆ ಬೇಜಾರಿಲ್ಲ. ಕೇಳಿದ್ದನ್ನ ಮೊದಲು ಬರೆದರು, ಕಂಡಿದ್ದನ್ನ ಆಮೇಲೆ ಬರೆದರು. ಆದರೆ ಆ ಚೀಟಿಯನ್ನ ಸಾಲು ಹಿಡಿದು ಮಾಡಿಸಿದ್ದರೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ದುಡ್ಡು ಖಾಲಿ. ತಣ್ಣಗೆ ಎಸಿ ಹಾಕಿಕೊಂಡು, ಬ್ರೇಕ್ ಇಲ್ಲದೆ ಘಾಟಿ ಇಳಿಯಬೇಕಿತ್ತು.

ಚೀಟಿ ಜೇಬಲ್ಲಿಟ್ಟುಕೊಂಡು ಮನೆಗೆ ಬಂದೆ. ಆಮೇಲೆ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದುಡ್ಡು ಬಿಚ್ಚುವ ಮೊದಲು ಒಂದು ಭಾನುವಾರ

ಮೊದಲ ಕೆಲಸಕ್ಕೆ ಸ್ಪ್ಯಾನರ್ ಬೇಡ, ನೋಟ್‌ಬುಕ್ ಸಾಕು. ಹಿಂದಿನ ಓನರ್ ಕೊಟ್ಟ ಬಿಲ್‌ಗಳನ್ನೆಲ್ಲ ಹರಡಿಕೊಂಡು ಕೂರಿ. ಎಂಜಿನ್ ಆಯಿಲ್ ಯಾವಾಗ ಬದಲಾಯಿತು, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಯಾವಾಗ, ಬ್ರೇಕ್ ಆಯಿಲ್ ಯಾವಾಗ, ಬ್ಯಾಟರಿ ಯಾವಾಗ ಅಂತ ದಿನಾಂಕ ಮತ್ತು ಕಿಲೋಮೀಟರ್ ಬರೆಯಿರಿ. ಗಾಡಿ ಮೊದಲು ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗುತ್ತಿದ್ದರೆ ಅಲ್ಲಿ ವಿಚಾರಿಸಿ, ಹಳೆ ದಾಖಲೆ ಸಿಗುವುದುಂಟು. ಬಿಲ್ ಇಲ್ಲದ ಕೆಲಸ ಆಗಿಲ್ಲ ಅಂತಲೇ ಲೆಕ್ಕ. 'ಈಗ ತಾನೆ ಮಾಡಿಸಿದ್ದೆ' ಅನ್ನುವ ಬಾಯಿಮಾತನ್ನ ಹಳೆ ಕಾರು ಮಾರುವ ಪ್ರತಿಯೊಬ್ಬರೂ ಹೇಳುತ್ತಾರೆ. ನಾನು ಮಾರಿದಾಗ ನಾನೂ ಹೇಳಿದ್ದೇನೆ.

ಅದೇ ಕೂರುವಿಕೆಯಲ್ಲಿ ಚಾಸಿಸ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ (ದೋಷ ಸರಿಮಾಡಲು ಕಂಪನಿಯೇ ಗಾಡಿ ವಾಪಸ್ ಕರೆಯೋದು) ಏನಾದರೂ ಇದೆಯಾ ನೋಡಿ. ಇದ್ದರೆ ಆ ಕೆಲಸ ಪುಕ್ಕಟೆ. ಎಂಪರಿವಾಹನ್ ಆ್ಯಪಿನಲ್ಲಿ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಆರ್‌ಸಿ ಅವಧಿ ಮೂರನ್ನೂ ನೋಡಿಕೊಳ್ಳಿ.

ಆಮೇಲೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ. ಬೇಕಾಗುವುದು ಟಾರ್ಚ್, ಬಿಳಿ ಬಟ್ಟೆ, ಟೈರ್ ಗಾಳಿ ನೋಡುವ ಗೇಜ್, ಒಂದು ಸಾದಾ ಮಲ್ಟಿಮೀಟರ್. ಕಾರು 2010ರ ನಂತರದ್ದಾದರೆ ಒಬಿಡಿ ಡಾಂಗಲ್ ತಗೊಂಡರೂ ನಷ್ಟವಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಚುಚ್ಚಿದರೆ ಎಂಜಿನ್‌ನ ಟೆಂಪರೇಚರ್, ಎರರ್ ಕೋಡ್ ಎಲ್ಲ ಫೋನಿನಲ್ಲಿ ಕಾಣುತ್ತೆ. ನನ್ನ ವ್ಯಾಗನ್‌ಆರ್‌ಗೆ ಅದು ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳ್ತೀನಿ.

ಚೀಟಿಯನ್ನ ನಾಲ್ಕು ಭಾಗ ಮಾಡಿ

ಪ್ರತಿ ಐಟಂ ಮುಂದೆ ಒಂದೇ ಪ್ರಶ್ನೆ: ಇದು ನಾಳೆ ಕೈಕೊಟ್ಟರೆ ಏನಾಗುತ್ತೆ?

ಜೀವಕ್ಕೆ ಅಪಾಯ ಅಂತಾದರೆ ಒಂದನೇ ಗುಂಪು. ಎಂಜಿನ್ನೋ ಗೇರ್‌ಬಾಕ್ಸೋ ಹಾಳಾಗಿ ದೊಡ್ಡ ಖರ್ಚು ಬರುತ್ತೆ ಅಂತಾದರೆ ಎರಡನೇ ಗುಂಪು. ದಾರಿಯಲ್ಲಿ ನಿಂತುಬಿಡುತ್ತೆ, ಆದರೆ ಬೇರೇನೂ ಹಾಳಾಗಲ್ಲ ಅಂದರೆ ಮೂರನೇದು. ಸುಮ್ನೆ ಕಿರಿಕಿರಿ ಅಷ್ಟೇ ಅಂದರೆ ನಾಲ್ಕನೇದು. ಒಂದೇ ಗುಂಪಿನೊಳಗೆ ಕಡಿಮೆ ಖರ್ಚಿನದು ಮೊದಲು.

ಇಲ್ಲಿ ನಾವೆಲ್ಲ ಮೋಸ ಹೋಗೋದು ಸದ್ದಿನಿಂದ. ಹಂಪ್ ಹತ್ತಿಸಿದಾಗ ಕಟಕಟ ಅನ್ನುವ ಸಸ್ಪೆನ್ಷನ್‌ನ ಲಿಂಕ್ ರಾಡ್ ತಲೆ ತಿನ್ನುತ್ತೆ. ಅದನ್ನೇ ಮೊದಲು ಮಾಡಿಸಿಬಿಡೋಣ ಅನ್ನಿಸುತ್ತೆ. ಅದು ಮೂರು ತಿಂಗಳು ಕಾಯುತ್ತೆ. ಹಳೆ ಬ್ರೇಕ್ ಆಯಿಲ್, ಬಿರುಕು ಬಿಟ್ಟ ಟೈರ್, ಆಯಸ್ಸು ಮುಗಿದ ಟೈಮಿಂಗ್ ಬೆಲ್ಟ್ (ಎಂಜಿನ್‌ನ ವಾಲ್ವ್‌ಗಳನ್ನ ತಾಳಕ್ಕೆ ಸರಿಯಾಗಿ ಓಡಿಸುವ ರಬ್ಬರ್ ಪಟ್ಟಿ) ಇವು ಮೂರೂ ಸದ್ದೇ ಮಾಡುವುದಿಲ್ಲ.

ಕಾಲಕ್ಕೆ ತಕ್ಕ ಹಾಗೆ ಐಟಂಗಳು ಗುಂಪು ಬದಲಾಯಿಸುತ್ತವೆ. ವೈಪರ್ ಬ್ಲೇಡ್ ಫೆಬ್ರವರಿಯಲ್ಲಿ ನಾಲ್ಕನೇ ಗುಂಪು. ಜೂನ್ ಬಂದು ಸಕಲೇಶಪುರದ ಮಳೆ ಹಿಡಿದರೆ ಅದು ಒಂದನೇ ಗುಂಪು.

ಒಂದನೇ ಗುಂಪು: ನಿಲ್ಲೋದು, ತಿರುಗೋದು, ಕಾಣೋದು

ಬ್ರೇಕ್‌ನಿಂದ ಶುರು ಮಾಡಿ. ಬಾನೆಟ್ ಒಳಗೆ ಡ್ರೈವರ್ ಕಡೆ ಇರುವ ಚಿಕ್ಕ ಡಬ್ಬಿಯ ಮುಚ್ಚಳ ತೆಗೆದು, ಬಿಳಿ ಬಟ್ಟೆಯ ತುದಿಯನ್ನ ಅದ್ದಿ ನೋಡಿ. ಹೊಸ ಬ್ರೇಕ್ ಆಯಿಲ್ ತಿಳಿಯಾಗಿ, ಸ್ವಲ್ಪ ಹಳದಿಯಾಗಿ ಇರುತ್ತೆ. ನನ್ನದು ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. (ಪೇಂಟ್ ಮೇಲೆ ಒಂದು ಹನಿ ಬಿದ್ದರೂ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ತಿನ್ನುತ್ತೆ.)

ಬಣ್ಣ ಕೆಟ್ಟರೆ ಏನಾಯ್ತು ಅಂತ ಕೇಳಬಹುದು. ಬಣ್ಣ ಬರೀ ಸುಳಿವು, ನಿಜವಾದ ತೊಂದರೆ ನೀರಿಂದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನ ಎಳೆದುಕೊಳ್ಳುತ್ತೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಅಳತೆ. ಸಾಕಷ್ಟು ನೀರು ಕುಡಿದ ಮೇಲೆ ಅದೇ ಆಯಿಲ್‌ಗೆ ಅಳತೆ 155ಕ್ಕೆ ಇಳಿಯುತ್ತೆ. ಘಾಟಿ ಇಳಿಯುತ್ತಾ ಪೆಡಲ್ ಮೇಲೆ ಕಾಲಿಟ್ಟೇ ಇದ್ದರೆ ಡಿಸ್ಕ್ ಕಾಯುತ್ತೆ, ಆ ಬಿಸಿ ಆಯಿಲ್‌ಗೆ ತಲುಪುತ್ತೆ, ಆಯಿಲ್ ಕುದಿದು ಪೈಪಿನಲ್ಲಿ ಆವಿಯಾಗುತ್ತೆ. ಆವಿಯನ್ನ ಒತ್ತಿದರೆ ಅದು ಕುಗ್ಗುತ್ತೆ. ನೀವು ಪೆಡಲ್ ತುಳಿದಷ್ಟೂ ಒಳಗೆ ಹೋಗುತ್ತೆ, ಕಾರು ನಿಲ್ಲಲ್ಲ.

ಇದು ನನಗೆ ಓದಿ ಗೊತ್ತಾಗಿದ್ದಲ್ಲ. ಕಾರು ತಗೊಂಡ ಹೊಸದರಲ್ಲಿ, ಇದ್ಯಾವುದನ್ನೂ ನೋಡುವ ಮೊದಲೇ, ಒಂದು ಸಲ ಪುತ್ತೂರಿಗೆ ಹೊರಟಿದ್ದೆವು. ಮಾರನಹಳ್ಳಿಯಿಂದ ಒಂದು ಟ್ಯಾಂಕರ್ ಹಿಂದೆಯೇ ಇಳಿಯುತ್ತಾ ಬಂದೆ. ಗುಂಡ್ಯ ಹತ್ತಿರ ಬರುವಾಗ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು. ಎರಡನೇ ಗೇರಿಗೆ ಹಾಕಿ, ಪೆಡಲ್ ಪಂಪ್ ಮಾಡುತ್ತಾ, ಹ್ಯಾಂಡ್‌ಬ್ರೇಕ್ ಎಳೆದು ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ತಣಿಸಿದ ಮೇಲೆ ಪೆಡಲ್ ಮೊದಲಿನ ಹಾಗೇ ಗಟ್ಟಿ. ಏನೂ ಆಗಿಲ್ಲವೇನೋ ಅನ್ನುವಂತೆ. ಅವತ್ತು ನನಗೆ ಕಾರಣ ಗೊತ್ತಾಗಿರಲಿಲ್ಲ. ಬಟ್ಟೆ ಅದ್ದಿ ನೋಡಿದ ದಿನ ಗೊತ್ತಾಯಿತು.

ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ಏರ್ ತೆಗೆಸಿ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕಿಸಿ. ಲೇಬರ್ ಸೇರಿ ನನಗೆ 500 ರೂಪಾಯಿ ಬಿತ್ತು. ಹತ್ತೊಂಬತ್ತು ಐಟಂಗಳಲ್ಲಿ ಅತಿ ಅಗ್ಗದ ಕೆಲಸಗಳಲ್ಲಿ ಒಂದು.

ಮೂರು ಪರೀಕ್ಷೆ ನೀವೇ ಮಾಡಬಹುದು. ಎಂಜಿನ್ ಆಫ್ ಇರುವಾಗ ಪೆಡಲನ್ನ ಐದಾರು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ (ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಸರಿ ಇದೆ. ಎಂಜಿನ್ ಓಡುತ್ತಿರುವಾಗ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಮುಳುಗುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ತಳ್ಳುವ ಭಾಗ) ಹೋಗಿದೆ, ಅಥವಾ ಎಲ್ಲೋ ಲೀಕ್. ಅಂಥ ಕಾರನ್ನ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಯಿರಿ. ಮೂರನೆಯದು, ಖಾಲಿ ಮೈದಾನದಲ್ಲಿ 40ರ ಸ್ಪೀಡಿನಲ್ಲಿ ಹೋಗಿ ಬ್ರೇಕ್ ಹಾಕಿ. ಒಂದು ಕಡೆಗೆ ಎಳೆದರೆ ಒಂದು ಚಕ್ರದ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಹಿಡಿಕೆ) ಸಿಕ್ಕಿಕೊಂಡಿರಬಹುದು. ಪ್ಯಾಡ್ 3 ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಬದಲಾಯಿಸಿ. ಮುಂದಿನ ಪ್ಯಾಡ್ ನೋಡುವಾಗ ಹಿಂದಿನ ಡ್ರಮ್ಮನ್ನೂ ಬಿಚ್ಚಿಸಿ, ಧೂಳು ತೆಗೆಸಿ, ಲೈನರ್ ನೋಡಿಸಿ. ಹಿಂದಿನದನ್ನ ಜಾಸ್ತಿ ಜನ ಮರೆಯುತ್ತಾರೆ.

ಟೈರಿನ ವಿಷಯದಲ್ಲಿ ಬಟನ್ (ಮೇಲ್ಮೈಯ ಗೀರುಗಳ ಆಳ) ಒಂದನ್ನೇ ನೋಡಬೇಡಿ, ಹುಟ್ಟಿದ ದಿನವನ್ನೂ ನೋಡಿ. ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಉಳಿದೆರಡು ವರ್ಷ. ನನ್ನ ಮುಂದಿನ ಎರಡು ಟೈರ್ 1921, ಅಂದ್ರೆ 2021ರ ಹತ್ತೊಂಬತ್ತನೇ ವಾರ. ಹಿಂದಿನ ಎರಡು 3214. ಹತ್ತಿರ ಹತ್ತು ವರ್ಷ ಹಳೆಯವು! ಬಟನ್ ಬೇಕಾದಷ್ಟಿತ್ತು, ಆದರೆ ಪಕ್ಕದ ರಬ್ಬರು ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಕಾನೂನಿನ ಪ್ರಕಾರ ಬಟನ್ 1.6 ಮಿಲಿಮೀಟರ್ ಇದ್ದರೆ ಸಾಕು. ಮಲೆನಾಡಿನ ಮಳೆಗೆ ಅದು ಸಾಲದು, 3ಕ್ಕೆ ಇಳಿದಾಗಲೇ ನಾನು ಬದಲಾಯಿಸ್ತೀನಿ. ಸ್ಟೆಪ್ನಿಯನ್ನೂ ಹೊರಗೆ ತೆಗೆದು ನೋಡಿ. ನನ್ನದು ಕಾರಿನ ಜೊತೆಗೇ ಹುಟ್ಟಿದ್ದು, ಗಾಳಿಯೂ ಇರಲಿಲ್ಲ.

ಎರಡೇ ಟೈರಿಗೆ ದುಡ್ಡಿದ್ದರೆ ಹೊಸದನ್ನ ಹಿಂದಕ್ಕೆ ಹಾಕಿಸಿ. ಅಂಗಡಿಯವರು 'ಮುಂದಕ್ಕೆ ಹಾಕೋಣ ಸಾರ್, ಎಂಜಿನ್ ಎಳೆಯೋದು ಅಲ್ಲೇ ಅಲ್ವಾ' ಅಂತಾರೆ. ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ಕಾರು ನೇರ ಹೋಗಲು ನೋಡುತ್ತೆ, ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಹಿಡಿತಕ್ಕೆ ಬರಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತೆ, ನಮ್ಮಂಥವರ ಕೈಯಲ್ಲಿ ಸರಿಪಡಿಸೋಕಾಗಲ್ಲ.

ಇನ್ನೊಂದು ಮಾತು. ಹೊಸ ಟೈರಿಗಿಂತ ಮೊದಲು ಸ್ಟೀರಿಂಗ್ ಮತ್ತು ಸಸ್ಪೆನ್ಷನ್‌ನ ಆಟ (ಸವೆದು ಆದ ಸಡಿಲ) ತೆಗೆಸಿ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋಯರ್ ಆರ್ಮ್ ಬುಷ್. ಇವು ಸವೆದಿದ್ದರೆ ಅಲೈನ್‌ಮೆಂಟ್ ನಿಲ್ಲೋದಿಲ್ಲ, ಹೊಸ ಟೈರು ಒಂದೇ ಅಂಚಿನಲ್ಲಿ ಸವೆಯುತ್ತೆ. ಬುಷ್, ಟೈರ್, ಆಮೇಲೆ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್. ಈ ಕ್ರಮ ತಪ್ಪಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ಲೈಟು, ಇಂಡಿಕೇಟರ್, ಬ್ರೇಕ್ ಲೈಟ್, ವೈಪರ್‌ಗೆ ಐದು ನಿಮಿಷ ಸಾಕು. ಗೋಡೆಗೆ ಹಿಂದೆ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಯಾವ ಬಲ್ಬ್ ಹೋಗಿದೆ ಅಂತ ಕನ್ನಡಿಯಲ್ಲೇ ಕಾಣುತ್ತೆ.

ಎರಡನೇ ಗುಂಪು: ನೂರಾರು ರೂಪಾಯಿಯಲ್ಲಿ ಎಂಜಿನ್ ಉಳಿಸೋದು

ಎಂಜಿನ್ ಆಯಿಲ್ ಕಥೆ ಎಲ್ಲರಿಗೂ ಗೊತ್ತು. ಬಿಲ್ ಇಲ್ಲ ಅಂದರೆ ಕಣ್ಣು ಮುಚ್ಚಿ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಾಯಿಸಿ. ಗ್ರೇಡ್ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಇರುವುದೇ ಇರಲಿ. ಇಳಿಸಿದ ಆಯಿಲ್ ಡಾಂಬರಿನ ಹಾಗಿದ್ದರೆ ಮುಂದಿನ ಬದಲಾವಣೆಯನ್ನ ಎರಡು ಮೂರು ಸಾವಿರ ಕಿಲೋಮೀಟರಿಗೇ ಮಾಡಿ, ಒಳಗಿನ ಕೊಳೆ ನಿಧಾನಕ್ಕೆ ಇಳಿಯುತ್ತೆ. 'ಎಂಜಿನ್ ಫ್ಲಶ್ ಹಾಕೋಣ' ಅಂದರೆ ಬೇಡ ಅನ್ನಿ. ಹಳೆ ಎಂಜಿನ್‌ನಲ್ಲಿ ಎದ್ದ ಕೊಳೆ ಆಯಿಲ್ ಹೋಗುವ ದಾರಿಗೇ ಅಡ್ಡ ಕೂತರೆ ಕಷ್ಟ.

ನಮ್ಮ ಕಡೆ ಎಂಜಿನ್ ಕೊಲ್ಲೋದು ಜಾಸ್ತಿ ಕೂಲೆಂಟ್ ಬಗ್ಗೆ ಇರುವ ಅಸಡ್ಡೆಯೇ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತೆ. ಒಳಗೆ ಹಸಿರೋ ಕೆಂಪೋ ನೀಲಿಯೋ ಬಣ್ಣದ ತಿಳಿ ದ್ರವ ಇರಬೇಕು. ನನ್ನದರಲ್ಲಿ ಇದ್ದದ್ದು ಕೆಮ್ಮಣ್ಣು ಕಲಸಿದ ನೀರು. ಅಂದ್ರೆ ವರ್ಷಾನುಗಟ್ಟಲೆ ಯಾರೋ ನಲ್ಲಿ ನೀರನ್ನೇ ತುಂಬಿಸಿಕೊಂಡು ಓಡಿಸಿದ್ದಾರೆ. ಒಳಗೆಲ್ಲ ತುಕ್ಕು.

ಇನ್ನೂ ಒಂದು ವಿಷಯ ಡಾಂಗಲ್ ಚುಚ್ಚಿದಾಗ ಗೊತ್ತಾಯಿತು. ಹೈವೇಯಲ್ಲಿ ಎಂಜಿನ್ ಟೆಂಪರೇಚರ್ 60ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಸರಿಯಿದ್ದರೆ 80ರ ಮೇಲೆ ಇರಬೇಕು. ಬಿಚ್ಚಿ ನೋಡಿದರೆ ಥರ್ಮೋಸ್ಟಾಟೇ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನ ರೇಡಿಯೇಟರ್‌ಗೆ ಬಿಡದ ವಾಲ್ವ್) ಇಲ್ಲ! ಯಾವತ್ತೋ ಹೀಟ್ ಆಗಿದೆ, ಯಾರೋ 'ವಾಲ್ವ್ ತೆಗೆದುಬಿಟ್ರೆ ಹೀಟೇ ಆಗಲ್ಲ' ಅಂತ ತೆಗೆದು ಎಸೆದಿದ್ದಾರೆ. ರೇಡಿಯೇಟರ್ ಫ್ಯಾನನ್ನೂ ಡೈರೆಕ್ಟ್ ಮಾಡಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಕೂರಿಸಿದ್ದರು. ನಾನದನ್ನ ಫಾಗ್‌ಲ್ಯಾಂಪಿನ ಸ್ವಿಚ್ ಅಂದುಕೊಂಡಿದ್ದೆ. ನಿಮ್ಮ ಕಾರಿನಲ್ಲೂ ಕಂಪನಿಯದಲ್ಲದ ಸ್ವಿಚ್ ಕಂಡರೆ ಆ ವೈರ್ ಎಲ್ಲಿಗೆ ಹೋಗುತ್ತೆ ಅಂತ ನೋಡಿ. ಎಂಜಿನ್ ಯಾವಾಗಲೂ ತಣ್ಣಗೇ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಫ್ಯಾನ್ ಸ್ವಿಚ್ ಹಾಕೋದು ಮರೆತು ಟ್ರಾಫಿಕ್ಕಿನಲ್ಲಿ ನಿಂತರೆ ಬಿಸಿಗೆ ಎಂಜಿನ್‌ನ ಹೆಡ್ ಬಾಗಿ ಅದರ ಕೆಳಗಿನ ಗ್ಯಾಸ್ಕೆಟ್ ಹೋಗುತ್ತೆ, ಆಗ ಬಿಲ್ಲು ಹತ್ತಾರು ಸಾವಿರ.

ಥರ್ಮೋಸ್ಟಾಟ್ ಹಾಕಿಸಿ, ಫ್ಯಾನಿನ ವೈರಿಂಗ್ ಮೊದಲಿನ ಹಾಗೆ ಮಾಡಿಸಿ, ನೀರು ತಿಳಿಯಾಗುವವರೆಗೆ ತೊಳೆಸಿ, ಹೊಸ ಕೂಲೆಂಟ್ ತುಂಬಿಸಿದೆ. ರೇಡಿಯೇಟರ್ ಮುಚ್ಚಳ, ಮೆತ್ತಗಾಗಿದ್ದ ಒಂದು ಹೋಸ್ ಸೇರಿ 2,300 ಆಯಿತು. ಕಾನ್ಸಂಟ್ರೇಟ್ ಕೂಲೆಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಬೇಕು. ರೆಡಿ ಮಿಕ್ಸ್ ತಂದರೆ ಹಾಗೇ ಸುರಿಯಬೇಕು. ಡಬ್ಬಿಯ ಮೇಲೆ ಓದಿ, ಅಂಗಡಿಯವರನ್ನ ನಂಬಬೇಡಿ.

ಈ ಗುಂಪಿನ ಮೂರನೆಯದು ಟೈಮಿಂಗ್ ಬೆಲ್ಟ್. ಇದು ಎಲ್ಲ ಕಾರಿಗೂ ಇಲ್ಲ. 2010ರ ನಂತರದ ವ್ಯಾಗನ್‌ಆರ್‌ನ ಕೆ ಸೀರೀಸ್ ಎಂಜಿನ್‌ಗೆ ಚೈನ್. ಅದಕ್ಕೂ ಹಿಂದಿನ ವ್ಯಾಗನ್‌ಆರ್, ಹಳೆ ಮಾರುತಿ 800, ಸ್ಯಾಂಟ್ರೋ ಕ್ಸಿಂಗ್, ಐ10ರ 1.1 ಲೀಟರ್ ಎಂಜಿನ್‌ಗೆ ಬೆಲ್ಟ್. ಐ10ರ 1.2 ಕಪ್ಪಾ ಎಂಜಿನ್‌ಗೆ ಚೈನ್. ಬೆಲ್ಟ್ ಇರುವ ಕಾರಾದರೆ ಮ್ಯಾನ್ಯುವಲ್‌ನಲ್ಲಿ ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಅಂತ ನೋಡಿ. ಎರಡರಲ್ಲಿ ಯಾವುದು ಮೊದಲು ಬರುತ್ತೋ ಅದು ಲೆಕ್ಕ. ಕಡಿಮೆ ಓಡಿದ ಹಳೆ ಕಾರಿನಲ್ಲಿ ಜನ ಎಡವೋದು ಇಲ್ಲೇ. 40,000 ಓಡಿದ್ದರೂ ಹನ್ನೆರಡು ವರ್ಷದ ರಬ್ಬರು ಹನ್ನೆರಡು ವರ್ಷದ್ದೇ. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತೆ. ಬಿಲ್ ಸಿಗದಿದ್ದರೆ ಬೆಲ್ಟ್, ಟೆನ್ಷನರ್ ಎರಡನ್ನೂ ಬದಲಾಯಿಸಿ. ಅದೇ ಬಿಚ್ಚುವ ಕೆಲಸದಲ್ಲಿ ವಾಟರ್ ಪಂಪಿಗೂ ಕೈ ಸಿಗುವುದಾದರೆ ಅದನ್ನೂ ಮುಗಿಸಿ, ಲೇಬರ್ ಉಳಿಯುತ್ತೆ.

ಮೂರನೇ ಗುಂಪು: ದಾರಿಯಲ್ಲಿ ನಿಲ್ಲಿಸುವಂಥವು

ಬ್ಯಾಟರಿಗೆ ಮಲ್ಟಿಮೀಟರ್ ಇಡಿ. ರಾತ್ರಿ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್. 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗಿದೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ. ನನ್ನ ಚೀಟಿಯಲ್ಲಿದ್ದ 'ಹೊಸ ಬ್ಯಾಟರಿ' ಈ ತೊಳೆಯುವಿಕೆಯಲ್ಲೇ ಒಂದೂವರೆ ವರ್ಷ ಮುಂದಕ್ಕೆ ಹೋಯಿತು.

ಫ್ಯಾನ್ ಬೆಲ್ಟ್, ಸ್ಪಾರ್ಕ್ ಪ್ಲಗ್, ಡ್ರೈವ್ ಶಾಫ್ಟಿನ ಸಿವಿ ಬೂಟ್ (ಚಕ್ರಕ್ಕೆ ಹೋಗುವ ಜಾಯಿಂಟಿನ ರಬ್ಬರ್ ಕವಚ) ಇದೇ ಗುಂಪಿಗೆ ಬರುತ್ತವೆ. ಬೂಟ್ ಹರಿದಿರೋದು ಮೊದಲೇ ಕಂಡರೆ ಬರೀ ಬೂಟ್ ಸಾಕು. ಗ್ರೀಸ್ ಹೋಗಿ, ಮಣ್ಣು ಸೇರಿ, ತಿರುವಿನಲ್ಲಿ ಟಕಟಕ ಶುರುವಾದ ಮೇಲೆ ಜಾಯಿಂಟೇ ಬೇಕು.

ಕ್ಲಚ್ ಕಾಯಬಹುದು, ಸ್ಲಿಪ್ ಆಗದಿದ್ದರೆ. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿದು ನೋಡಿ. ಎಂಜಿನ್ ಮಾತ್ರ ಕಿರುಚಿ ಕಾರು ಮುಂದೆ ಹೋಗದಿದ್ದರೆ ಟೈಮ್ ಬಂತು. ಪೆಡಲ್ ಗಟ್ಟಿ ಅನ್ನೋದೊಂದೇ ಕಾರಣಕ್ಕೆ ಕ್ಲಚ್ ಸೆಟ್ ಬದಲಾಯಿಸಬೇಡಿ, ಮೊದಲು ಕೇಬಲ್ ನೋಡಿಸಿ.

ಗ್ಯಾರೇಜಿನಲ್ಲಿ

ಗುಂಪು ಮಾಡಿದ ಪಟ್ಟಿ ಹಿಡಿದು ಹೋಗಿ, 'ಅಣ್ಣ, ಈ ಸಲ ಇಷ್ಟೇ. ಉಳಿದಿದ್ದು ಎರಡು ತಿಂಗಳು ಬಿಟ್ಟು' ಅಂದುಬಿಡಿ. ಒಳ್ಳೆ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಲ್ಲ. ನಮ್ಮವರಂತೂ ಪಟ್ಟಿ ನೋಡಿ, 'ಬುಷ್ ಮೇಲಕ್ಕೆ ತಗೊಳ್ಳಿ, ತುಂಬಾ ಹೋಗಿದೆ' ಅಂತ ಅವರೇ ಒಂದು ತಿದ್ದುಪಡಿ ಮಾಡಿದರು.

ಪಾರ್ಟ್ಸಿಗೂ ಲೇಬರ್‌ಗೂ ಬೇರೆ ಬೇರೆ ರೇಟ್ ಬರೆಸಿಕೊಳ್ಳಿ. ತೆಗೆದ ಹಳೆ ಪಾರ್ಟ್ ಡಿಕ್ಕಿಯಲ್ಲಿ ಹಾಕಿಡೋಕೆ ಮೊದಲೇ ಹೇಳಿ. ಬೆಂಗಳೂರಿನವರಾದರೆ ಕಾರಿನ ಪಾರ್ಟ್ಸ್ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೆಲೆ ಅಂದಾಜು ಸಿಗುತ್ತೆ. ಬ್ರೇಕ್, ಸ್ಟೀರಿಂಗ್, ಬೆಲ್ಟ್ ಈ ಮೂರಕ್ಕೆ ಡೂಪ್ಲಿಕೇಟೂ ಬೇಡ, ಗುಜರಿಯದೂ ಬೇಡ. ಕನ್ನಡಿ, ಡೋರ್ ಹ್ಯಾಂಡಲ್, ವೀಲ್ ಕ್ಯಾಪ್ ಗುಜರಿಯಲ್ಲಿ ಧಾರಾಳವಾಗಿ ತಗೊಳ್ಳಿ.

ಒಂದೇ ದಿನ ಹತ್ತು ಕೆಲಸ ಮಾಡಿಸಬೇಡಿ. ಮರುದಿನ ಹೊಸ ಸದ್ದೊಂದು ಬಂದರೆ ಯಾವ ಕೆಲಸದಿಂದ ಬಂತು ಅಂತ ಯಾರಿಗೂ ಗೊತ್ತಾಗಲ್ಲ.

ನನ್ನ 18,000 ಹೋದದ್ದು ಹೀಗೆ

ಮುಂದಿನ ಬ್ರೇಕ್ ಪ್ಯಾಡ್ 1,400, ಹಿಂದಿನ ಡ್ರಮ್ ಕ್ಲೀನಿಂಗ್ 400, ಬ್ರೇಕ್ ಆಯಿಲ್ 500. ವೈಪರ್ ಮತ್ತು ಬಲ್ಬ್ 850. ಕೂಲೆಂಟ್ ಕೆಲಸ 2,300. ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳು 2,900. ಲೋಯರ್ ಆರ್ಮ್ ಬುಷ್ 1,900. ಎರಡು ಟೈರ್ 6,600, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 600. ಒಟ್ಟು 17,450. ಉಳಿದ 550ರಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಪುತ್ತೂರಿಗೆ ಹೋಗಿ ಬಂದೆವು. ಈ ಸಲ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿದೆ, ಹಿಂದಿನಿಂದ ಯಾರು ಎಷ್ಟು ಹಾರ್ನ್ ಹೊಡೆದರೂ.

ಜೂನ್‌ಗೆ ಮೊದಲು ಸ್ಟೆಪ್ನಿ ಬದಲಾಯಿಸಿದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಕೊಳೆತು ಕೂತಿದ್ದ ಎಲೆಗಳನ್ನೆಲ್ಲ ಕೈಯಾರೆ ತೆಗೆದೆ. ಅಲ್ಲಿ ನೀರು ಕಟ್ಟಿಕೊಂಡರೆ ಕಾರಿನ ಒಳಗೆ ಕಾಲಡಿಗೆ ಇಳಿಯುತ್ತೆ, ಮ್ಯಾಟ್ ಕೆಳಗೆ ತುಕ್ಕು ಹಿಡಿಯುತ್ತೆ. ಇದಕ್ಕೆ ಖರ್ಚೇ ಇಲ್ಲ. ಎಸಿ ಮುಂದಿನ ಬೇಸಿಗೆಗೆ ಆಯಿತು. ನೋಡಿದರೆ ಕಂಡೆನ್ಸರ್ ಚೆನ್ನಾಗೇ ಇತ್ತು, ಒಂದು ಓ-ರಿಂಗ್ ಲೀಕ್ ಅಷ್ಟೇ. ಶಾಕ್ ಅಬ್ಸಾರ್ಬರ್ ಹಿಂದಿನ ಎರಡು ಮಾತ್ರ ಸಾಕಾಯಿತು.

2012ರ ಪೆಟ್ರೋಲ್ ಕಾರು, 2027ಕ್ಕೆ ಹದಿನೈದು ವರ್ಷ ತುಂಬುತ್ತೆ. ಆರ್‌ಸಿ ರಿನ್ಯೂವಲ್‌ಗೆ ಗಾಡಿಯನ್ನ ತಪಾಸಣೆಗೆ ತೋರಿಸಬೇಕು, ಪಾಸಾದರೆ ಇನ್ನೈದು ವರ್ಷ. ಅದಕ್ಕೆ ಅಂತ ತಿಂಗಳಿಗೆ ಐನೂರು ಎತ್ತಿಡುತ್ತಿದ್ದೇನೆ. ಇಂಥ ತಾರೀಖು ಹತ್ತಿರ ಇರುವ ಕಾರಾದರೆ ಕ್ಲಚ್, ಪೇಂಟ್‌ನಂಥ ದೊಡ್ಡ ಖರ್ಚನ್ನ ರಿನ್ಯೂವಲ್ ಆಗುತ್ತಾ ಇಲ್ಲವಾ ಅಂತ ಗೊತ್ತಾದ ಮೇಲೇ ಮಾಡಿ.

ಚೀಟಿಯಲ್ಲಿ ಇನ್ನು ಉಳಿದಿರೋದು ಮೂರು ಸಾಲು. ಕ್ಲಚ್ ಪ್ಲೇಟ್, ಬಂಪರ್ ಪೇಂಟ್, ಹಿಂದಿನ ಎಡಗಡೆ ಕಿಟಕಿಯ ಗಾಜು. ಗಾಜು ಅರ್ಧಕ್ಕಿಂತ ಕೆಳಗೆ ಇಳಿಯೋದಿಲ್ಲ. ಆ ಕಡೆ ಕೂರುವ ಮಗಳು ಪ್ರತಿ ಸಲ ಘಾಟಿಯಲ್ಲಿ ಕೇಳುತ್ತಾಳೆ, ನಾನು 'ನಾಲ್ಕನೇ ಗುಂಪು ಪುಟ್ಟಿ' ಅಂತೀನಿ.